ಅಟ್ಟದ ಲೆಕ್ಕ

ನಮ್ಮ ಮನೆಯವರು ಪಾಲಿಟೆಕ್ನಿಕ್ಕಿನಲ್ಲಿ ಸಿವಿಲ್ ವಿಭಾಗದ ಮೇಷ್ಟರಾಗಿದ್ದರು. ಲೆಕ್ಕ ಮಾಡುವುದು ಬೇರೆ, ಮಾಡಿದ ಲೆಕ್ಕವನ್ನು ಇನ್ನೊಬ್ಬರಿಗೆ ತಿಳಿಯುವ ಹಾಗೆ ಬರೆಯುವುದು ಬೇರೆ ಎನ್ನುತ್ತಿದ್ದರು. ಮೊದಲನೆಯದನ್ನು ಹುಡುಗರು ಹೇಗೋ ಕಲಿತುಬಿಡುತ್ತಾರೆ, ಎರಡನೆಯದನ್ನು ಯಾರೂ ಹೇಳಿಕೊಡುವುದಿಲ್ಲ ಎಂಬುದು ಅವರ ಕೊರಗು. ಅವರು ಬರೆದ ಹಾಳೆಗಳನ್ನು ನಾನು ಮದುವೆಯಾದ ಹೊಸದರಿಂದ ಓದುತ್ತಾ ಬಂದವಳು. ಆ ಹಾಳೆಗಳನ್ನು ನಂಬಬಹುದೇ, ನಂಬುವುದಾದರೆ ಯಾವುದನ್ನು ಎಂಬ ಪ್ರಶ್ನೆ ಒಂದು ದಿನ ನನ್ನ ಮುಂದೆ ಬಂದು ನಿಂತಿತು. ಅದು ಹೇಗೆ ಬಂತು, ಏನಾಯಿತು ಎನ್ನುವುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ. ಓದಿರುವುದು ಎಸ್ಸೆಸ್ಸೆಲ್ಸಿವರೆಗೆ. ಬರೆದು ಅಭ್ಯಾಸವಿಲ್ಲ.

ಹಾಳೆಯ ಎಡಕ್ಕೆ ಎರಡು ಬೆರಳು ಅಂಚು ಬಿಡುತ್ತಿದ್ದರು. ಮೇಲೆ ‘ಗಿವನ್’ ಎಂದು ಬರೆದು ಅಡಿಗೆರೆ. ಅದರ ಕೆಳಗೆ ಪ್ರಶ್ನೆಯಲ್ಲಿ ಕೊಟ್ಟಿರುವ ಉದ್ದ, ಅಗಲ, ತೂಕ, ಒಂದೊಂದಕ್ಕೂ ಒಂದೊಂದು ಸಾಲು. ಆಮೇಲೆ ‘ಟು ಫೈಂಡ್’, ಅಂದರೆ ಏನನ್ನು ಕಂಡುಹಿಡಿಯಬೇಕು ಎನ್ನುವುದು. ಆಮೇಲೆ ಚಿತ್ರ. ಚಿತ್ರಕ್ಕೆ ಜಾಗ ಬಿಡುವುದರಲ್ಲಿ ಜುಗ್ಗತನ ಕೂಡದು. ಚಿತ್ರದ ಕೆಳಗೆ ಸೂತ್ರ, ಸೂತ್ರದೊಳಗೆ ಅಂಕಿ. ಸಮ ಎನ್ನುವ ಗುರುತುಗಳು ಒಂದರ ಕೆಳಗೊಂದು, ರಾಗಿ ಹೊಲದ ಸಾಲಿನ ಹಾಗೆ ನೆಟ್ಟಗೆ ಬರಬೇಕು. ಕೊನೆಗೆ ಉತ್ತರ, ಅದು ಮೀಟರೋ ಕಿಲೋವೋ ಎಂಬುದು, ಸುತ್ತ ಒಂದು ಚೌಕ.

ಹುಳಿಯಾರು, ಕಂದಿಕೆರೆ, ಅಮ್ಮಸಂದ್ರದ ಕಡೆಯಿಂದ ಬರುವ ಹುಡುಗರು ಲೆಕ್ಕದಲ್ಲಿ ಚುರುಕು. ಆದರೆ ಪ್ರಶ್ನೆ ಓದಿದವರೇ ಉತ್ತರ ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಮನೆಗೆ ಪಾಠಕ್ಕೆ ಬಂದಿದ್ದ ಒಬ್ಬನಿಗೂ ಇವರಿಗೂ ನಡೆದ ಮಾತು ನನಗೆ ಅಡುಗೆಮನೆಗೆ ಕೇಳಿಸಿತ್ತು.

“ಉತ್ರ ಸರಿ ಐತಲ್ಲ ಸಾ.”

“ಸರಿ ಐತೆ ಕಣ್ಲಾ. ಹುಳಿಯಾರಿಂದ ಬಸ್ಸಲ್ಲಿ ಬಂದ್ಯಲ್ಲ, ಚೆಕಿಂಗ್‌ನೋರು ಹತ್ತಿದ್ರೆ ಏನಂತೀಯ? ನಾನು ತಿಪಟೂರಿಗೆ ಬಂದಿದ್ದೀನಲ್ಲ ಸಾ, ಇನ್ಯಾಕೆ ಟಿಕೆಟ್ಟು ಅಂತೀಯಾ?”

“ನಂದು ಪಾಸು ಸಾ.”

“ಹಂಗಾದ್ರೆ ಪಾಸ್ ತೋರ್ಸು. ಬರಿ, ಗಿವನ್ನಿಂದ.”

ಹುಡುಗರು ನಕ್ಕರು, ಇವರೂ ನಕ್ಕರು. ಅವನು ಮೊದಲಿನಿಂದ ಬರೆದ.

ತರಗತಿಗೆ ಕೊಡುವ ಹಾಳೆಗಳನ್ನು ಇವರು ಮೊದಲು ನನಗೆ ಕೊಡುತ್ತಿದ್ದರು. ನಾನು ಅಕ್ಕಿ ಆರಿಸುತ್ತಲೋ ಅವರೆಕಾಯಿ ಬಿಡಿಸುತ್ತಲೋ ಪಕ್ಕದಲ್ಲಿಟ್ಟುಕೊಂಡು ಓದುತ್ತಿದ್ದೆ. ತೊಲೆ ಬಾಗುವುದರ ಶಾಸ್ತ್ರ ನನಗೆ ತಿಳಿಯದು. ಆದರೆ ಒಂದು ಸಾಲು ಅದರ ಮೇಲಿನ ಸಾಲಿನಿಂದ ಬಂದಿದೆಯೋ ಇಲ್ಲವೋ ಎನ್ನುವುದು ಗೊತ್ತಾಗುತ್ತಿತ್ತು. ಗೊತ್ತಾಗದ ಕಡೆ ಬೆರಳಿಟ್ಟು “ಇಲ್ಲಿ ನಿಂತೆ” ಎನ್ನುತ್ತಿದ್ದೆ. ಅವರು ಅಲ್ಲಿ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಹಾಕಿಕೊಂಡು, ನಡುವೆ ಇನ್ನೊಂದು ಸಾಲು ಸೇರಿಸಿ, ಇಡೀ ಹಾಳೆಯನ್ನು ಹೊಸದಾಗಿ ಬರೆಯುತ್ತಿದ್ದರು. ಮೊದಮೊದಲು ನನಗೆ ನಾಚಿಕೆಯಾಗುತ್ತಿತ್ತು. “ನೀನು ನಿಂತ್ರೆ ಅದು ನನ್ನ ತಪ್ಪು ಕಣೇ, ನಿಂದಲ್ಲ” ಎನ್ನುತ್ತಿದ್ದರು. ಮದುವೆಯಾದ ಮೇಲೆ ಅವರು ನನಗೆ ಆಡಿದ ಒಳ್ಳೆಯ ಮಾತುಗಳಲ್ಲಿ ನನಗೆ ಹೆಚ್ಚು ನೆನಪಿರುವುದು ಅದೇ.

ಗಿವನ್ ಎಂಬಲ್ಲಿ ಮಾತ್ರ ನಾನು ನಿಲ್ಲುತ್ತಿರಲಿಲ್ಲ. ಅದು ಪ್ರಶ್ನೆಯವರು ಕೊಟ್ಟಿದ್ದು, ಅದರಲ್ಲಿ ಕೇಳುವುದೇನಿದೆ ಎಂದು ದಾಟಿಬಿಡುತ್ತಿದ್ದೆ.

ನಮ್ಮ ಸೀಮೆಯ ಹುಡುಗರಿಗೆಂದು ಅವರೇ ಕಟ್ಟಿದ ಒಂದು ಲೆಕ್ಕವಿತ್ತು, ಅಟ್ಟದ ಲೆಕ್ಕ. ಕೊಬ್ಬರಿ ಮಾಡಲು ನಮ್ಮಲ್ಲಿ ಕಿತ್ತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹಾಕುತ್ತೇವೆ. ಹೆಚ್ಚೂಕಡಿಮೆ ಒಂದು ವರ್ಷ ಅದು ಅಲ್ಲೇ ಇರುತ್ತದೆ. ಒಳಗಿನ ನೀರು ಮೆಲ್ಲಗೆ ಇಂಗಿ, ತಿರುಳು ಚಿಪ್ಪು ಬಿಟ್ಟು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಆ ಒಣಗಿದ ತಿರುಳು, ಗಿಟುಕು, ಲೊಟಲೊಟ ಎನ್ನುತ್ತದೆ. ಹತ್ತುವಾಗ ಭಾರವಾಗಿದ್ದ ಕಾಯಿ ಇಳಿಯುವಾಗ ಹಗುರ. ಲೆಕ್ಕದಲ್ಲಿ ಎರಡು ತೂಕವನ್ನೂ ಕೊಟ್ಟು, ಅಟ್ಟದ ತೊಲೆ ಎಷ್ಟು ದಪ್ಪ ಇರಬೇಕು ಎಂದು ಕೇಳುತ್ತಿದ್ದರು. ತೋಟದ ಮನೆಯ ಹುಡುಗರು ತಪ್ಪದೆ ಒಣಗಿದ ಕಾಯಿಯ ತೂಕ ಹಿಡಿಯುತ್ತಿದ್ದರು. ತೆಂಗು ಬೆಳೆಯದ ಕಡೆಯಿಂದ ಬಂದವರು ಹಸಿ ಕಾಯಿಯ ತೂಕ ಹಿಡಿದು ಸರಿಮಾಡುತ್ತಿದ್ದರು.

“ನಮ್ಮ ಜನಕ್ಕೆ ಕಾಯಿ ಮರದಿಂದ ಬೀಳ್ತಿದ್ದಂಗೇ ಕೊಬ್ಬರಿ ಕಂಡುಬಿಡುತ್ತೆ” ಎಂದು ಮನೆಗೆ ಬಂದು ನನಗೆ ಹೇಳಿ ನಗುತ್ತಿದ್ದರು. “ನೀರು ಕಾಣಲ್ಲ. ತೊಲೆ ಹೊರೋದು ನೀರನ್ನೂ ಅಲ್ವಾ?”

ಹುಳಿಯಾರಿನ ಪಂಪ್ ಮೆಕ್ಯಾನಿಕ್ ಒಬ್ಬರ ಮಗಳು ಅವರ ಹತ್ತಿರ ಓದುತ್ತಾ ಡಿಪ್ಲೊಮಾದ ಕೊನೆಯ ವರ್ಷಕ್ಕೆ ಬಂದಿದ್ದಳು. ರಂಜಾನಿಗೆ ನಮಗೆ ಶೀರ್ ಕುರ್ಮ ತಂದುಕೊಡುತ್ತಿದ್ದ ಹುಡುಗಿ. ಮೊದಲ ವರ್ಷ ಅವಳ ಹಾಳೆ ನೋಡಿ ಇವರು “ಕೋಳಿ ಕೆರೆದಂಗೈತೆ” ಎಂದು ಹೇಳಿ ಅವಳ ಕಣ್ಣಲ್ಲಿ ನೀರು ಬರಿಸಿದ್ದರು. ಕೊನೆಯ ವರ್ಷದ ಹೊತ್ತಿಗೆ ಅವಳ ಹಾಳೆಯನ್ನೇ ಉಳಿದವರಿಗೆ ತೋರಿಸುತ್ತಿದ್ದರು. ಅವಳು ಒಂದು ಸಂಜೆ ಇವರಿಲ್ಲದ ಹೊತ್ತಿನಲ್ಲಿ ಬಂದು, ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಳು.

“ಆಂಟಿ, ಒಂದ್ ಮಾತು. ಬೈಬಾರ್ದು ನೀವು.”

“ಏನಮ್ಮ, ಒಳಕ್ಕೆ ಬಾ.”

“ಇಲ್ಲೇ ಹೇಳ್ತೀನಿ. ಸಾರು ಬೋರ್ಡ್ ಮೇಲೆ ಯಾವಾಗ್ಲೂ ಬರಿಯಂಗೇ ಬರೀತಾರೆ ಆಂಟಿ. ಚಿತ್ರ, ಸ್ಟೆಪ್ಪು, ಬಾಕ್ಸು, ಎಲ್ಲಾ. ಆದ್ರೆ ಒಳಗೆ ತಪ್ಪಿರ್ತೈತೆ. ಮೀಟರ್‌ಗೆ ಮಿಲಿಮೀಟರ್ ಕೂಡ್ಸಿಬುಡ್ತಾರೆ. ಮೊನ್ನೆ ಭಾರ ಹಾಕೋದೇ ಮರ್ತು ಲೆಕ್ಕ ಮುಗಿಸಿದ್ರು. ನಾವ್ ನಮ್ ನೋಟ್ಸಲ್ಲಿ ಸರಿ ಮಾಡ್ಕಂತೀವಿ.”

“ಅವ್ರಿಗೆ ಹೇಳ್ಬೇಕಿತ್ತು.”

“ಯಾರ್ ಹೇಳ್ತಾರೆ ಆಂಟಿ, ಸಾರಿಗೆ? ಯಾರೂ ನಗಬಾರ್ದು ಅಂತ ಇಡೀ ಕ್ಲಾಸು ಮಾತಾಡ್ಕಂಡೀವಿ.”

ನನಗೆ ಸಿಟ್ಟು ಬಂತು. ಪರೀಕ್ಷೆ ಹತ್ತಿರ ಬಂದಿದೆ, ಹೋಗಿ ಓದಿಕೊಳ್ಳಮ್ಮ ಎಂದು ಕಳಿಸಿದೆ. ಅವಳು ತಲೆ ಬಗ್ಗಿಸಿಕೊಂಡು ಹೋದಳು. ಆ ವಾರವೆಲ್ಲ ನಾನು ಅವರ ಹಾಳೆಗಳನ್ನು ಹೆಚ್ಚು ಗಮನವಿಟ್ಟು ಓದಿದೆ. ಅಕ್ಷರ ಅದೇ. ಸಾಲುಗಳು ನೆಟ್ಟಗೆ. ಒಂದರಿಂದ ಒಂದು ಬರುತ್ತಿದ್ದವು, ಅಥವಾ ಬರುವ ಹಾಗೆ ಕಾಣುತ್ತಿದ್ದವು. ನಿಲ್ಲುವಂಥದ್ದು ನನಗೇನೂ ಸಿಗಲಿಲ್ಲ. ಹುಡುಗಿಗೆ ಎಲ್ಲೋ ತಿಳಿವಳಿಕೆ ಸಾಲದು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು.

ಆ ಬೇಸಿಗೆಯಲ್ಲಿ ಭಾವ ಫೋನು ಮಾಡಿದರು. ಇವರ ಅಣ್ಣ, ಕಂದಿಕೆರೆ ಕಡೆಯ ತೋಟ ನೋಡಿಕೊಳ್ಳುವವರು. ಅಟ್ಟದ ತೊಲೆಗಳಿಗೆ ಗೆದ್ದಲು ಹಿಡಿದಿತ್ತು.

“ಲೇ ಮೇಷ್ಟ್ರೇ, ಕಂಡೋರ ಮಕ್ಕಳಿಗೆಲ್ಲ ಅಟ್ಟ ಕಟ್ಟೋದು ಹೇಳ್ಕೊಟ್ಟಿದ್ದೀಯ. ನಿಮ್ಮಣ್ಣನಿಗೂ ಒಂದು ಲೆಕ್ಕ ಹಾಕ್ಕೊಡ್ಲಾ. ಮರದ ಮಿಲ್ಲಿನೋನು ಎಷ್ಟ್ ದಪ್ಪ ಕುಯ್ಲಿ ಅಂತ ತಲೆ ತಿಂತಾವ್ನೆ.”

ಇವರು ಇಷ್ಟು ಹಿಗ್ಗಿದ್ದನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ. ಜೀವಮಾನವೆಲ್ಲ ಹಾಳೆಯ ಮೇಲೆ ಕಟ್ಟಿದ ಅಟ್ಟವನ್ನು ಈಗ ನೆಲದ ಮೇಲೆ ಕಟ್ಟುವುದು. ಭಾನುವಾರ ಟೇಪು, ಪೆನ್ಸಿಲು, ಹಾಳೆ ಇಟ್ಟುಕೊಂಡು ನನ್ನನ್ನೂ ಕರೆದುಕೊಂಡು ಹೋದರು. ಅಟ್ಟದ ಮನೆಯ ಗೋಡೆಯಿಂದ ಗೋಡೆಗೆ ಅಳೆದರು. ಏಣಿ ಹತ್ತಿ, ಮೇಲೆ ಉಳಿದಿದ್ದ ಹೋದ ವರ್ಷದ ಕಾಯಿಯನ್ನು ಒಂದು ಚೀಲಕ್ಕೆ ತುಂಬಿ ಇಳಿಸಿದರು. ಒಂದೇ ಕಾಯಿ ತೂಗಿದರೆ ಸಾಲದು, ಚೀಲ ತೂಗಿ ಭಾಗಿಸಬೇಕು ಎಂದು ಭಾವನಿಗೆ ಪಾಠ ಮಾಡುತ್ತಾ ತಕ್ಕಡಿಗೆ ಹಾಕಿದರು. ಆಗಷ್ಟೇ ಕಿತ್ತ ಹೊಸ ಕಾಯಿಯ ರಾಶಿ ಅಂಗಳದಲ್ಲೇ ಬಿದ್ದಿತ್ತು. ಅವರು ಅದನ್ನು ಸುತ್ತಿ ಬಳಸಿ ಓಡಾಡುತ್ತಿದ್ದರು.

ಮಾರನೆಯ ಬೆಳಿಗ್ಗೆ ಹಾಳೆ ನನ್ನ ಪಕ್ಕಕ್ಕೆ ಬಂತು. ಅಷ್ಟು ಚೆಂದದ ಹಾಳೆಯನ್ನು ಅವರು ಬರೆದಿರಲಿಲ್ಲ ಎಂದೇ ಹೇಳಬೇಕು. ಅಟ್ಟದ ಚಿತ್ರದಲ್ಲಿ ಏಣಿಯನ್ನೂ ಬಿಡಿಸಿದ್ದರು. ನಾನು ಗಿವನ್ ದಾಟಿ ಕೆಳಗೆ ಬಂದೆ, ಯಾಕೋ ಮತ್ತೆ ಮೇಲೆ ಹೋದೆ. ‘ಒಂದು ಕಾಯಿಯ ತೂಕ’ ಎಂಬ ಸಾಲು. ಅದರ ಮುಂದೆ ಇದ್ದದ್ದು ಒಣಗಿದ ಕಾಯಿಯ ತೂಕ. ಹೊಸ ಕಾಯಿ ಎಷ್ಟು ಭಾರವೆಂದು ನನ್ನ ಕೈಗೆ ಗೊತ್ತು. ತುರುವೇಕೆರೆ ಕಡೆಯ ತವರಿನಲ್ಲಿ ಚಿಕ್ಕವಳಿದ್ದಾಗ ಕಂಕುಳಿಗೊಂದು ಕಾಯಿಯಂತೆ ಹೊತ್ತು ಹಾಕಿದವಳು ನಾನು.

“ರೀ, ಇಲ್ಲಿ ನಿಂತೆ” ಎಂದೆ.

ಅವರು ಬಗ್ಗಿ ನೋಡಿದರು. “ಗಿವನ್ನಲ್ಲಾ? ಅಲ್ಲೇನೈತೆ ನಿಲ್ಲಕ್ಕೆ?”

“ಈ ತೂಕ ಎಲ್ಲಿಂದ ಬಂತು ಅಂತ ಗೊತ್ತಾಗ್ಲಿಲ್ಲ.”

ನೇರವಾಗಿ ಹೇಳಿಬಿಡಬಹುದಿತ್ತು. ಆದರೆ ಹೇಳಿದರೆ ಅದು ನನ್ನ ಮಾತಾಗುತ್ತಿತ್ತು. ಅವರೇ ಕಾಣಲಿ ಎಂದು ನನಗೆ ಆಸೆ. ಕಂಡರೆ ಹುಡುಗಿ ಹೇಳಿದ್ದೆಲ್ಲ ಸುಳ್ಳು, ಇದು ಯಾವ ಮನುಷ್ಯನಿಗಾದರೂ ಆಗುವ ಮರೆವು. ಕಾಣದಿದ್ದರೆ ಏನು ಎನ್ನುವುದನ್ನು ನಾನು ಆಗ ಮುಂದಕ್ಕೆ ಯೋಚಿಸಲಿಲ್ಲ.

ಅವರು ಚುಕ್ಕೆ ಹಾಕಿಕೊಂಡು ಹೋದರು. ಮಧ್ಯಾಹ್ನದ ಹೊತ್ತಿಗೆ ಹೊಸ ಹಾಳೆ ತಂದರು. ಗಿವನ್ ಕೆಳಗೆ ಇನ್ನೆರಡು ಸಾಲು ಸೇರಿದ್ದವು. ಚೀಲದ ತೂಕ ಇಷ್ಟು, ಅದರಲ್ಲಿದ್ದ ಕಾಯಿ ಇಷ್ಟು, ಭಾಗಿಸಿದರೆ ಒಂದು ಕಾಯಿಯ ತೂಕ ಇಷ್ಟು. ಬಹಳ ಸ್ಪಷ್ಟವಾಗಿತ್ತು.

“ಈಗ?”

“ಇಲ್ಲೇ ನಿಂತೆ ರೀ.”

ಅವರಿಗೆ ಬೇಸರವಾಗಲಿಲ್ಲ. ಪಾಪ, ನನಗೆ ತಿಳಿಯುವ ಹಾಗೆ ಬರೆಯಲಿಲ್ಲವಲ್ಲ ಎಂದು ಮತ್ತೆ ಕೂತರು. ಮೂರನೆಯ ಹಾಳೆಯಲ್ಲಿ ತಕ್ಕಡಿಯ ಚಿತ್ರ ಬಂತು. ಅಟ್ಟದ ಮೇಲೆ ಇರುವುದು ಅಟ್ಟದ ಕಾಯಿ, ಆದ್ದರಿಂದ ಅಟ್ಟದ ಕಾಯಿಯನ್ನೇ ತೂಗಬೇಕು ಎಂದು ಕಾರಣ ಕೂಡ ಬರೆದಿದ್ದರು. ಓದುತ್ತಾ ಹೋದರೆ, ಹೌದಲ್ಲ, ಇವರು ಹೇಳುವುದೇ ಸರಿ ಎನಿಸಬೇಕು, ಹಾಗಿತ್ತು. ನಾನು ಹಾಳೆಯನ್ನು ಅಲ್ಲೇ ಇಟ್ಟು ಒಲೆ ಹಚ್ಚಲು ಒಳಗೆ ಹೋದೆ.

ಮುಂದಿನ ಭಾನುವಾರ ನಾನೇ ಅವರನ್ನು ತೋಟಕ್ಕೆ ಹೊರಡಿಸಿದೆ. ಅಂಗಳದಲ್ಲಿ ನಿಲ್ಲಿಸಿ ಒಂದು ಕೈಗೆ ರಾಶಿಯಿಂದ ಹೊಸ ಕಾಯಿ ಕೊಟ್ಟೆ, ಇನ್ನೊಂದು ಕೈಗೆ ಅಟ್ಟದಿಂದ ಇಳಿದ ಕಾಯಿ ಕೊಟ್ಟೆ. ಭಾವ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

“ಯಾವುದು ಭಾರ ರೀ?”

ಅವರು ಎರಡನ್ನೂ ಮೇಲೆ ಕೆಳಗೆ ಮಾಡಿ ತೂಗಿ ನೋಡಿದರು. “ಇದು” ಎಂದು ಹೊಸ ಕಾಯಿ ತೋರಿಸಿದರು.

“ಅಟ್ಟಕ್ಕೆ ಹಾಕೋದು ಯಾವುದು?”

“ಇದೇ.”

“ಹಂಗಾದ್ರೆ?”

“ಹಂಗಾದ್ರೆ ಇದು ಭಾರ.”

“ಹಂಗಾದ್ರೆ ಲೆಕ್ಕದಲ್ಲಿ ಯಾವ್ದನ್ನ ಬರೀಬೇಕು?”

ಅವರು ನನ್ನ ಮುಖ ನೋಡಿದರು. ಪರೀಕ್ಷೆಯಲ್ಲಿ ಕೂತ ಹುಡುಗನ ಮುಖ ಹೇಗಿರುತ್ತದೋ ಹಾಗೆ, ನನ್ನ ಮುಖದಲ್ಲೇ ಉತ್ತರ ಹುಡುಕುತ್ತಿದ್ದರು. ಆಮೇಲೆ ಎರಡೂ ಕಾಯಿಯನ್ನು ಒಂದರ ಪಕ್ಕ ಒಂದು, ಸರಿಯಾಗಿ ಒಂದೇ ಸಾಲಿಗೆ ಬರುವ ಹಾಗೆ ನೆಲದ ಮೇಲಿಟ್ಟು, “ಬರ್ದಿದೀನಲ್ಲ ಕಣೇ, ನೀಟಾಗಿ” ಎಂದರು.

ಭಾವ ಎಲೆಯನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ. ಅದನ್ನು ಕೈಯಲ್ಲೇ ಮಡಿಸಿ ಹಿಡಿದುಕೊಂಡು ಎದ್ದು ಬಂದರು.

“ಬುಡು ತಾಯಿ. ಸಾಕು ಬುಡು.”

ತೊಲೆ ಹಳೆಯದಕ್ಕಿಂತ ದಪ್ಪನಾಗಿಯೇ ಬಂತು. ಭಾವ ಮಿಲ್ಲಿಗೆ ಹೋಗಿ ತಮಗೆ ತೋಚಿದ ಹಾಗೆ ಕುಯ್ಯಿಸಿದರು. ಹೊಸ ಅಟ್ಟಕ್ಕೆ ಕಾಯಿ ಹತ್ತಿಸಿದ ದಿನ ಇವರು ಕೆಳಗೆ ನಿಂತು ತೊಲೆಯ ಉದ್ದಕ್ಕೂ ಕಣ್ಣು ಹಾಯಿಸಿ, ಎಲ್ಲೂ ಬಾಗಿಲ್ಲ ನೋಡು ಎಂದು ನನಗೆ ತೋರಿಸಿದರು.

“ನಿನ್ ಲೆಕ್ಕದಂಗೇ ಹಾಕ್ಸಿದ್ದು ಕಣ್ಲಾ. ಬಾಗೋದಾದ್ರೂ ಹೆಂಗೆ?” ಎಂದರು ಭಾವ. ಹೇಳಿದವರು ಹಿತ್ತಲಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ತಲೆಯ ಚಿತ್ರ ತೆಗೆದರು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು, ಮೆದುಳು ಅಲ್ಲಲ್ಲಿ ಸೊರಗುತ್ತಿದೆ, ಮುಂದಕ್ಕೂ ಸೊರಗುತ್ತದೆ, ಇದನ್ನು ನಿಲ್ಲಿಸುವ ಔಷಧಿ ಇಲ್ಲ ಎಂದರು. ಒಳ್ಳೆಯವರೇ, ಆದರೆ ಹೊರಗೆ ಜನ ಕಾಯುತ್ತಿದ್ದರು. ಇವರು ಜೇಬಿನಿಂದ ಪೆನ್ಸಿಲು ತೆಗೆದರು.

“ಸ್ವಲ್ಪ ಸ್ಟೆಪ್ ಪ್ರಕಾರ ಹೇಳ್ತೀರಾ ಸಾರ್? ನೀವು ನೇರ ಉತ್ತರಕ್ಕೆ ಬಂದುಬಿಟ್ರಿ.”

ಡಾಕ್ಟರು ನಕ್ಕು ನನ್ನ ಕಡೆ ನೋಡಿದರು. ನಡುವಿನ ಸಾಲುಗಳು ಅವರಲ್ಲೂ ಇರಲಿಲ್ಲ. ಯಾಕೆ ಬಂತು, ಯಾವಾಗ ಶುರುವಾಯಿತು ಎಂದು ನಾನು ಕೇಳಿದೆ. ಹೇಳಲು ಬರುವುದಿಲ್ಲ, ನಾವು ಗುರುತಿಸುವುದಕ್ಕೆ ಬಹಳ ಮುಂಚೆಯೇ ಶುರುವಾಗಿರುತ್ತದೆ ಎಂದರು. ಆ ಮಾತಿನ ಭಾರ ಆಗ ನನಗೆ ತಿಳಿಯಲಿಲ್ಲ.

ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೂ ಅವರು ಬರೆಯುವುದನ್ನು ಬಿಡಲಿಲ್ಲ. ಬೆಳಿಗ್ಗೆ ತಿಂಡಿಯಾದ ಮೇಲೆ ಮೇಜಿನ ಮುಂದೆ ಕೂತರೆ ಊಟಕ್ಕೆ ಕರೆಯುವವರೆಗೂ ಏಳುತ್ತಿರಲಿಲ್ಲ. ಯಾರೂ ಕೇಳದ ಲೆಕ್ಕಗಳು. ಮೊದಲು ಸೂತ್ರಗಳು ಹೋದವು, ಆದರೆ ಸೂತ್ರವಿದ್ದ ಜಾಗ ಹಾಗೇ ಇತ್ತು, ಅಲ್ಲಿ ಬೇರೆ ಯಾವುದೋ ಅಕ್ಷರಗಳು. ಆಮೇಲೆ ಚಿತ್ರ ಹೋಯಿತು. ಅಂಚು, ಅಡಿಗೆರೆ, ಸಮ ಎನ್ನುವ ಗುರುತಿನ ಸಾಲು, ಚೌಕ, ಇವು ಬಹಳ ದಿನ ಉಳಿದವು. ಹಾಳೆಯನ್ನು ದೂರದಿಂದ ನೋಡಿದರೆ ಯಾವ ವ್ಯತ್ಯಾಸವೂ ಗೊತ್ತಾಗುತ್ತಿರಲಿಲ್ಲ. ಮುಗಿದ ಕೂಡಲೇ ನನಗೆ ತಂದು ಕೊಡುತ್ತಿದ್ದರು. ನಾನು ಕಣ್ಣಾಡಿಸಿ, “ಅರ್ಥ ಆಯ್ತು ರೀ” ಎನ್ನುತ್ತಿದ್ದೆ.

ಒಂದು ದಿನ ಹಾಳೆ ವಾಪಸು ತೆಗೆದುಕೊಂಡು ಅಲ್ಲೇ ನಿಂತರು.

“ಎಲ್ಲೂ ನಿಲ್ಲಲಿಲ್ವಾ?”

“ಇಲ್ಲ ರೀ, ಚೆನ್ನಾಗಿ ಬರ್ದಿದೀರ.”

“ಹಂಗಾದ್ರೆ ನೀನು ಓದಿಲ್ಲ” ಎಂದರು.

ಅದನ್ನು ಅವರು ಸಿಟ್ಟಿನಿಂದ ಹೇಳಲಿಲ್ಲ. ಹೇಳಿ, ಹಾಳೆಯನ್ನು ಮಡಿಸದೆ ಜೋಪಾನವಾಗಿ ಹಿಡಿದುಕೊಂಡು ಮೇಜಿಗೆ ಹೋದರು. ಅದಾದ ಮೇಲೆ ನನಗೆ ತೋರಿಸುವುದನ್ನು ನಿಲ್ಲಿಸಿದರು. ಬರೆದು ಬರೆದು ಒಂದು ಪಕ್ಕಕ್ಕೆ ಇಡುತ್ತಿದ್ದರು. ನಾನು ಕೇಳಿ ಇಸಿದುಕೊಳ್ಳಲು ಹೋದರೆ ಕೈ ಅಡ್ಡ ಇಡುತ್ತಿದ್ದರು, ಪರೀಕ್ಷೆಯಲ್ಲಿ ಪಕ್ಕದವರಿಗೆ ಕಾಣದ ಹಾಗೆ ಇಡುತ್ತಾರಲ್ಲ, ಹಾಗೆ.

ಕೊನೆಕೊನೆಗೆ ನುಂಗುವುದು ಮರೆತರು. ಮುದ್ದೆಯನ್ನು ಸಾರಿನಲ್ಲಿ ಕಿವುಚಿ, ಗಂಜಿಯ ಹಾಗೆ ಮಾಡಿ ಚಮಚದಲ್ಲಿ ಕೊಡುತ್ತಿದ್ದೆ. ಬಾಯಲ್ಲೇ ಇಟ್ಟುಕೊಂಡು ನನ್ನನ್ನು ನೋಡುತ್ತಿದ್ದರು. ಒಂದು ಸಲ ಅದು ಶ್ವಾಸಕ್ಕೆ ಹೋಗಿ ಜ್ವರ ಬಂತು. ಆಸ್ಪತ್ರೆಗೆ ಸೇರಿಸಿದೆವು. ವಾಪಸು ಕರೆದುಕೊಂಡು ಬರಲಿಲ್ಲ. ಭಾವ ತೋಟದಲ್ಲಿ ಮಣ್ಣು ಮಾಡೋಣ ಎಂದರು. ಹಾಗೇ ಆಯಿತು.

ತಿಥಿಯೆಲ್ಲ ಮುಗಿದು ಕೆಲವು ತಿಂಗಳಾಗಿತ್ತು. ಪಾಲಿಟೆಕ್ನಿಕ್ಕಿನಲ್ಲಿ ಅವರ ಜಾಗಕ್ಕೆ ಬಂದಿದ್ದ ಮೇಷ್ಟರು ಬಾಳೆಹಣ್ಣು ಹಿಡಿದುಕೊಂಡು ಮನೆಗೆ ಬಂದರು. ಇವರ ಕೈಯಲ್ಲೇ ಓದಿದವರು.

“ಅಮ್ಮ, ಸಾರ್ ಬರೆದ ಹಾಳೆಗಳಿದ್ರೆ ಕೊಡ್ತೀರಾ? ಒಂದು ಕಟ್ಟು ಮಾಡಿ, ಜೆರಾಕ್ಸ್ ತೆಗ್ಸಿ ಹುಡುಗ್ರಿಗೆ ಕೊಡೋಣ ಅಂತ. ಸಲ್ಯೂಷನ್ ಅಂದ್ರೆ ಹೆಂಗಿರ್ಬೇಕು ಅಂತ ನೋಡ್ಲಿ. ಸಾರ್ ನೆನಪೂ ಉಳಿಯುತ್ತೆ.”

ಹಾಳೆಗಳೇನೋ ಇದ್ದವು. ಮಂಚದ ಕೆಳಗೆ, ಬೀರುವಿನ ಮೇಲೆ, ಅಕ್ಕಿ ಡಬ್ಬದ ಹಿಂದೆ. ಆದರೆ ಅವರು ಯಾವತ್ತೂ ಹಾಳೆಗೆ ತಾರೀಕು ಹಾಕಿದವರಲ್ಲ. ಕೊನೆಕೊನೆಯ ಹಾಳೆಗಳನ್ನು ನಾನೂ ಗುರುತಿಸಬಲ್ಲೆ. ಅದರ ಹಿಂದಿನವು? ಒಳ್ಳೆಯ ಕಾಲದ್ದೂ ಕಾಯಿಲೆಯ ಕಾಲದ್ದೂ ಒಂದೇ ಅಕ್ಷರ, ಒಂದೇ ಅಂಚು, ಒಂದೇ ಚೌಕ. ಮಕ್ಕಳು ತಪ್ಪನ್ನೇ ಸರಿಯೆಂದು ಕಲಿತರೆ ಅವರ ಹೆಸರಿಗೆ ಏನಾಗುತ್ತದೆ? ಹಾಗೆಂದು ಕೊಡದೆ ಇದ್ದರೆ ಅವರು ಮಾಡಿದ ಕೆಲಸಕ್ಕೆ ಉಳಿಯುವುದಾದರೂ ಏನು?

ಹುಳಿಯಾರಿನ ಹುಡುಗಿಗೆ ಫೋನು ಮಾಡಿದೆ. ಅವಳು ಈಗ ತುಮಕೂರಿನಲ್ಲಿ ಒಬ್ಬ ಕಂಟ್ರಾಕ್ಟರ ಹತ್ತಿರ ಕೆಲಸಕ್ಕಿದ್ದಾಳೆ. ಆ ಸಂಜೆ ನಾನು ಅವಳನ್ನು ಬಾಗಿಲಿಂದಲೇ ಕಳಿಸಿದ್ದರ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ರಜೆಯ ದಿನ ಬೆಳಿಗ್ಗೆಯೇ ಬಸ್ಸಿಗೆ ಬಂದು, ನಡುಮನೆಯಲ್ಲಿ ಚಾಪೆ ಹಾಸಿ ಕೂತಳು. ಒಂದೊಂದೇ ಹಾಳೆ ತೆಗೆದು, ಫೋನಿನಲ್ಲಿ ಲೆಕ್ಕ ಹಾಕಿ ನೋಡಿ, ಸರಿಯಿದ್ದದ್ದನ್ನು ಬಲಕ್ಕೆ, ತಪ್ಪಿದ್ದದ್ದನ್ನು ಎಡಕ್ಕೆ ಇಡುತ್ತಾ ಹೋದಳು. ನಾನು ಪಕ್ಕದಲ್ಲಿ ಕೂತು ಹಾಳೆ ಎತ್ತಿ ಕೊಡುತ್ತಿದ್ದೆ. ಮೊದಮೊದಲು ಕೆಲಸ ಬೇಗ ಸಾಗಿತು. “ಇದು ಸೂಪರ್ ಆಂಟಿ” ಎನ್ನುತ್ತಿದ್ದಳು. “ಇದ್ನ ನಮಗೂ ಮಾಡ್ಸಿದ್ರು.”

ಮಧ್ಯಾಹ್ನ ಊಟವಾದ ಮೇಲೆ ಒಂದು ಹಾಳೆ ಹಿಡಿದುಕೊಂಡು ತಡೆದಳು. ಅದು ದಪ್ಪನೆಯ, ನೀಲಿ ಗೆರೆಯ ಕಾಗದ. ಅಂಥ ಕಾಗದವನ್ನು ಅವರು ತರುತ್ತಿದ್ದದ್ದು ನಾವು ಈ ಮನೆಗೆ ಬಂದ ಹೊಸದರಲ್ಲಿ. ಆಮೇಲೆ ಅದು ಅಂಗಡಿಯಲ್ಲಿ ಸಿಗುವುದೇ ನಿಂತುಹೋಯಿತು. ಆಗ ಈ ಹುಡುಗಿ ಇನ್ನೂ ಪ್ರೈಮರಿ ಶಾಲೆಯಲ್ಲಿದ್ದಿರಬೇಕು.

“ಇದೂನೂ ತಪ್ಪು ಆಂಟಿ. ಭಾರನ ಅರ್ಧಕ್ಕೆ ಹಿಡಿದವ್ರೆ.”

“ಆಗ ಅವ್ರು ಚೆನ್ನಾಗೇ ಇದ್ರಲ್ಲಮ್ಮ.”

“ಚೆನ್ನಾಗಿರೋರೂ ತಪ್ಪು ಮಾಡ್ತಾರೆ ಆಂಟಿ. ಸುಸ್ತಾಗಿರ್ತದೆ, ಆತುರ ಇರ್ತದೆ. ನಾನೂ ಮಾಡ್ತೀನಿ.” ಅವಳು ಹಾಳೆಯನ್ನು ತಿರುಗಿಸಿ ಹಿಂಭಾಗ ನೋಡಿದಳು. “ಇದು ಕಾಯ್ಲೆನೋ ಬರೀ ಕೈತಪ್ಪೋ, ಹಾಳೆ ನೋಡಿ ಹೇಳಕ್ಕಾಗಲ್ಲ.”

ಎಡಕ್ಕೂ ಇಡಲಾಗದೆ ಬಲಕ್ಕೂ ಇಡಲಾಗದೆ ಅದನ್ನು ನಡುವೆ ಇಟ್ಟಳು. ಅದರ ಮೇಲೆ ಇನ್ನೊಂದು ಬಂತು, ಇನ್ನೊಂದು. ಆ ಕಾಗದದ ಕಾಲದ್ದು, ಅದರ ಆಚೆಯ ಕಾಲದ್ದು. ನಾನು ಅವರ ಜೊತೆ ಸುಖವಾಗಿದ್ದೆ ಎಂದು ತಿಳಿದುಕೊಂಡಿದ್ದ ವರ್ಷಗಳು. ಡಾಕ್ಟರು ಹೇಳಿದ ‘ಬಹಳ ಮುಂಚೆ’ ಎಂಬ ಮಾತು ನೆನಪಾಯಿತು. ಎಷ್ಟು ಮುಂಚೆ ಎಂದು ಕೇಳಲು ಈಗ ಯಾರೂ ಇರಲಿಲ್ಲ.

ಸಂಜೆಯ ಹೊತ್ತಿಗೆ ನಡುವಿನ ಗುಡ್ಡೆಯೇ ಎತ್ತರವಾಗಿತ್ತು.

“ಬಲಗಡೆದು ಕೊಡಬಹುದಲ್ಲಮ್ಮ? ಅಷ್ಟಾದ್ರೂ?” ಎಂದೆ.

ಅವಳು ಬಲಗಡೆಯ ಗುಡ್ಡೆಯಿಂದ ಮೇಲಿನ ಹಾಳೆ ಎತ್ತಿ ಗಿವನ್ ಮೇಲೆ ಬೆರಳಿಟ್ಟಳು. ಆಮೇಲೆ, “ಸುಳ್ಳು ಹೇಳಲ್ಲ ಆಂಟಿ. ಸ್ಟೆಪ್ಪು ಸರಿ ಐತಾ ಅಂತ ನಾನು ನೋಡಿದೀನಿ. ಗಿವನ್ನು ಸರಿ ಐತಾ ಅಂತ ನೋಡಕ್ಕೆ ಪ್ರಶ್ನೆ ಬೇಕಲ್ಲ. ಸಾರು ಪ್ರಶ್ನೆ ಬರ್ದಿಟ್ಟಿಲ್ಲ. ಮೇಲಿನ ಸಾಲಲ್ಲೇ ಹೋಗಿದ್ರೆ ನನಗೂ ಗೊತ್ತಾಗಲ್ಲ” ಎಂದಳು.

ಅವಳನ್ನು ಬಸ್ಸಿಗೆ ಕಳಿಸಿ ಬಂದು, ಬಾಳೆಹಣ್ಣು ತಂದಿದ್ದ ಮೇಷ್ಟರಿಗೆ ಫೋನು ಮಾಡಿದೆ. ಹಾಳೆ ಯಾವುದೂ ಕೊಡುವ ಹಾಗಿಲ್ಲಪ್ಪ, ಕ್ಷಮಿಸಬೇಕು ಎಂದೆ. ಕಾರಣ ಹೇಳಲು ತಯಾರಾಗಿದ್ದೆ. ಅವರು ಕೇಳಲಿಲ್ಲ.

“ಪರವಾಗಿಲ್ಲ ಬಿಡೀಮ್ಮ. ಈಗ ಹುಡುಗ್ರು ಸಲ್ಯೂಷನ್ ಎಲ್ಲ ಫೋನಲ್ಲೇ ನೋಡ್ಕೊತಾರೆ. ಫೋಟೋ ಹೊಡೆದ್ರೆ ಬಂದುಬಿಡುತ್ತೆ, ಸ್ಟೆಪ್ ಸಮೇತ. ಸಾರ್ ನೆನಪಿಗೆ ಅಂತ ಅಷ್ಟೇ ಕೇಳಿದ್ದು.”

ಗುಡ್ಡೆಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಲು ನನಗೆ ಜಾಗವೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ಬಲದ್ದರ ಮೇಲೆ ನಡುವಿನದು, ಅದರ ಮೇಲೆ ಎಡದ್ದು ಪೇರಿಸಿದೆ. ಎತ್ತುವಾಗ ಕಟ್ಟು ಜಾರಿ ಅರ್ಧದಷ್ಟು ಚಾಪೆಯ ಮೇಲೆ ಹರಡಿಕೊಂಡಿತು. ಕೈಗೆ ಸಿಕ್ಕ ಹಾಗೆ ಒಟ್ಟುಮಾಡಿ, ಅವರ ಒಂದು ಹಳೆಯ ಪಂಚೆಯಲ್ಲಿ ಗಂಟು ಕಟ್ಟಿ ಬೀರುವಿನ ಮೇಲಿಟ್ಟೆ. ಈಗ ಯಾವುದು ಯಾವ ಗುಡ್ಡೆಯದ್ದೆಂದು ಆ ಹುಡುಗಿ ಬಂದರೂ ಹೇಳಲಾರಳು.